ಖಾಯಂ ಗಂಡು

ದೊಡ್ಡನೆಕ್ಕುಂದಿಗೆ ಬಂದು ಚಿಕ್ಕಮುನಿಯಮ್ಮನ ಮನೆ ಯಾವುದು ಎಂದು ಕೇಳಿದರೆ ಜನ ತಲೆ ಕೆರೆದುಕೊಳ್ಳುತ್ತಿದ್ದರು. ಆ ಹೆಸರಿನವರು ಅಲ್ಲಿ ಬೀದಿಗೊಬ್ಬರು. ಪರ್ಮನೆಂಟ್ ಚಿಕ್ಕಮುನಿಯಮ್ಮ ಎಂದು ಕೇಳಿ ನೋಡಿ, ಗೋಲಿ ಆಡುವ ಹುಡುಗರೂ ಆಟ ನಿಲ್ಲಿಸಿ ಬಾಗಿಲವರೆಗೆ ಬಿಟ್ಟು ಬರುತ್ತಿದ್ದರು. ಹೆಸರಿಟ್ಟವರು ಗೇಲಿಗೆಂದು ಇಟ್ಟದ್ದು. ಆಕೆ ಮಾತ್ರ ಅದನ್ನು ಸರ್ಕಾರ ಕೊಟ್ಟ ಬಿರುದಿನ ಹಾಗೆ ಹೊತ್ತು ಮೆರೆದಳು. ಮೆರೆಯಲಿ ಬಿಡಿ, ಆಕೆಯ ಮನೆಯ ಒಲೆ ಉರಿದದ್ದೇ ಆ ಒಂದು ಮಾತಿನಿಂದ.

ಗಂಡ ಮುನಿಆಂಜನಪ್ಪ ಹೊಲ ಉಳುತ್ತಿದ್ದವನು. ಊರ ಹೊಲಗಳೆಲ್ಲ ಒಂದೊಂದಾಗಿ ಕಾರ್ಖಾನೆಗಳಾದಾಗ ಅವನೂ ನೇಗಿಲು ಅಟ್ಟಕ್ಕೇರಿಸಿ ಕೆ.ಆರ್. ಪುರದ ಹಾದಿಯ ಒಂದು ಸರ್ಕಾರಿ ಕಾರ್ಖಾನೆಗೆ ಸೇರಿದ. ಸೇರಿ ಕೆಲವೇ ವರ್ಷಕ್ಕೆ ಕಾಮಾಲೆಯಾಗಿ ತೀರಿಕೊಂಡ. ಚಿಕ್ಕಮುನಿಯಮ್ಮನ ಸೊಂಟದ ಮೇಲೆ ಆಗಿನ್ನೂ ಹಾಲುಗಲ್ಲದ ಕೂಸು ಕೆಂಪರಾಜ್. ನೆಂಟರು ಬಂದರು, ಅತ್ತರು, ತಿಥಿಯ ಊಟ ಮುಗಿಸಿ ಬಾಯೊರೆಸಿಕೊಂಡು ಹೊರಟರು. ಕೈಹಿಡಿದದ್ದು ಕಾರ್ಖಾನೆ. ಕೆಲಸದಲ್ಲಿರುವಾಗಲೇ ಸತ್ತವನ ಹೆಂಡತಿ ಎಂದು ಆಕೆಯನ್ನು ಕ್ಯಾಂಟೀನಿಗೆ ಸೇರಿಸಿಕೊಂಡರು. ಮೊದಲು ಪಾತ್ರೆ ತಿಕ್ಕಿದಳು, ಆಮೇಲೆ ತರಕಾರಿ ಹೆಚ್ಚಿದಳು, ಕೊನೆಗೆ ಸೌಟು ಹಿಡಿದು ನಿಂತು ಸಾಲುಗಟ್ಟಿದ ಗಂಡಸರನ್ನೆಲ್ಲ ‘ಮುಂದಕ್ಕೋಗ್ರಯ್ಯಾ, ಸಾರೇನು ಓಡೋಗ್ತದಾ’ ಎಂದು ಗದರುವ ಮಟ್ಟಕ್ಕೆ ಏರಿದಳು.

ಒಂದು ಬೆಳಿಗ್ಗೆ ನೋಟಿಸ್ ಬೋರ್ಡಿನ ಮೇಲೆ, ಕೆಳಕಂಡ ನೌಕರರನ್ನು ಖಾಯಂಗೊಳಿಸಲಾಗಿದೆ ಎಂಬ ಕಾಗದ ಅಂಟಿತು. ಓದು ಬಾರದ ಚಿಕ್ಕಮುನಿಯಮ್ಮ ಯೂನಿಯನ್ನಿನವರೊಬ್ಬರನ್ನು ಹಿಡಿದು ತಂದು ಓದಿಸಿದಳು. ಸಾಲದೆಂದು ಮತ್ತೆ ಓದಿಸಿದಳು. ಖಾಯಂ ಅನ್ನೋದು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿಕೊಂಡಳು. ಅಂದು ಸಂಜೆ ಮನೆಗೆ ಬಂದು ಮಗನನ್ನು ಎತ್ತಿಕೊಂಡು, ಗಂಡನ ಫೋಟೋದ ಮುಂದೆ ನಿಂತು ಗೊಳೋ ಎಂದು ಅತ್ತಳು. ಅವನು ಸತ್ತಾಗಲೂ ಅಷ್ಟು ಅತ್ತಿರಲಿಲ್ಲವಂತೆ.

ಅಲ್ಲಿಂದ ಮುಂದೆ ಆಕೆಯ ಬಾಳು ನೆಲೆ ನಿಂತಿತು. ಕೆಂಪರಾಜನಿಗೆ ಟೈಫಾಯ್ಡ್ ಬಂದಾಗ ಕಾರ್ಖಾನೆಯ ಆಸ್ಪತ್ರೆ ಇತ್ತು. ಗಂಡನ ಪಾಲಿಗೆ ಬಂದಿದ್ದ ಜಾಗದಲ್ಲಿ ಮನೆ ಎಬ್ಬಿಸಲು ಕಾರ್ಖಾನೆಯ ಸಾಲ ಸಿಕ್ಕಿತು. ಹಿಂದುಗಡೆ ಬಾಡಿಗೆಗೆಂದು ಮೂರು ಕೋಣೆಗಳೂ ಎದ್ದವು. ‘ಗಂಡ ಕೈಬಿಟ್ಟ, ಫ್ಯಾಕ್ಟ್ರಿ ಕೈಬಿಡ್ಲಿಲ್ಲ’ ಎಂದು ಆಕೆ ಕಂಡಕಂಡವರಿಗೆ ಹೇಳುತ್ತಿದ್ದಳು. ಗಂಡನ ಮೇಲೆ ಸಿಟ್ಟಿರಲಿಲ್ಲ, ಫ್ಯಾಕ್ಟರಿಯ ಮೇಲೆ ಪ್ರೀತಿ ಅಷ್ಟಿತ್ತು.

ಹೀಗಿರುವಾಗ ಆಕೆಗೆ ಇನ್ನೊಂದು ಗೀಳು ಅಂಟಿಕೊಂಡಿತು, ಮದುವೆ ಮಾಡಿಸುವುದು. ಕ್ಯಾಂಟೀನಿನಲ್ಲಿ ಊರೂರಿನ ಹುಡುಗರು ತಟ್ಟೆ ಹಿಡಿದು ನಿಲ್ಲುತ್ತಿದ್ದರಲ್ಲ, ಯಾರು ಗುಣವಂತ, ಯಾರು ಮುಂಗೋಪಿ, ಯಾರು ಅನ್ನ ಬಿಸಾಡುತ್ತಾನೆ, ಎಲ್ಲ ಗೊತ್ತಾಗುತ್ತಿತ್ತು. ಬಾಣಸವಾಡಿಯಿಂದ ವರ್ತೂರಿನವರೆಗೆ ಆಕೆ ಕೂಡಿಸಿದ ಜೋಡಿಗಳಿದ್ದವು. ಒಂದು ಕಾಸು ಮುಟ್ಟುತ್ತಿರಲಿಲ್ಲ. ಒಂದು ಸೀರೆ, ಮೊದಲ ಪಂಕ್ತಿಯಲ್ಲಿ ಎಲೆ, ಅಷ್ಟೇ. ಜಾತಕ, ಗೋತ್ರ, ಬಣ್ಣ, ಎತ್ತರ ಎಲ್ಲ ಆಮೇಲೆ. ಗಂಡಿನ ಕಡೆಯವರು ಚಾಪೆಯ ಮೇಲೆ ಕೂರುವ ಮೊದಲೇ ಆಕೆಯ ಪ್ರಶ್ನೆ ಬಂದುಬಿಡುತ್ತಿತ್ತು:

“ಹುಡುಗ ಪರ್ಮನೆಂಟಾ?”

ಅಲ್ಲ ಎಂದರೆ ಮುಗಿಯಿತು, ಕಾಫಿ ಕೊಟ್ಟು ಕಳಿಸುತ್ತಿದ್ದಳು. “ಕಾಂಟ್ರಾಕ್ಟ್ ಗಂಡು ಅಂದ್ರೆ ಬಾಡಿಗೆ ಸೈಕಲ್ ಕಣಮ್ಮಾ. ಸಾಯಂಕಾಲ ತಿರ್ಗ ಅಂಗಡೀಲಿ ನಿಲ್ಲಿಸ್ಬೇಕು,” ಎನ್ನುತ್ತಿದ್ದಳು. ಹೆಣ್ಣು ಹೆತ್ತವರಿಗೆ ಈ ಮಾತು ಸರಿಯಾಗಿಯೇ ತಟ್ಟುತ್ತಿತ್ತು. ಅವಳ ನಾಲಿಗೆಗೆ ಹೆದರಿ ಎಷ್ಟು ಹುಡುಗರು ಮೇಸ್ತ್ರಿಯ ಕಾಲು ಹಿಡಿದು ಖಾಯಂ ಆದರೋ ದೇವರೇ ಬಲ್ಲ.

ಕಾಲ ಒಂದೇ ಸಮ ಇರುತ್ತದೆಯೇ? ತೊಂಬತ್ತರ ದಶಕ ಕಳೆಯುವ ಹೊತ್ತಿಗೆ ಸರ್ಕಾರಿ ಕಾರ್ಖಾನೆಗಳು ಹೊಸಬರನ್ನು ತೆಗೆದುಕೊಳ್ಳುವುದು ಬಿಟ್ಟವು; ಇದ್ದವರಿಗೆ, ಒಂದಿಷ್ಟು ಗಂಟು ತಗೊಂಡು ಮನೆಗೆ ಹೋಗಿ ಎಂದವು. ಚಿಕ್ಕಮುನಿಯಮ್ಮನೂ ಹಾಗೆ ಮನೆಗೆ ಬಂದಳು. ಊರ ಸುತ್ತ ಗಾಜಿನ ಕಟ್ಟಡಗಳು, ಹೊಸ ಕಂಪನಿಗಳು ಎದ್ದವು. ಕೆ.ಆರ್. ಪುರದಲ್ಲಿ ರೈಲು ಹಳಿಯ ಮೇಲೆ ತೂಗುಸೇತುವೆಯೇ ಬಂತು. ಕೆಲಸಕ್ಕೇನೂ ಬರ ಇರಲಿಲ್ಲ, ಮೊದಲಿಗಿಂತ ಹೆಚ್ಚೇ ಇತ್ತು. ಆದರೆ ಎಲ್ಲವೂ ಕಾಂಟ್ರಾಕ್ಟು. ಕಂಪನಿ ಒಬ್ಬರದು, ಸಂಬಳ ಕೊಡುವವನು ಇನ್ನೊಬ್ಬ. ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೈಕಿ.

ಇದೆಲ್ಲ ಸರಿಯೋ ತಪ್ಪೋ ಎಂಬ ತಕರಾರಿಗೆ ಊರಿನಲ್ಲಿ ಒಂದು ಕಟ್ಟೆ ಇತ್ತು, ನಜೀರನ ಟೀ ಅಂಗಡಿ. ಶಿವಾಜಿನಗರದಿಂದ ಬಂದು ನೆಲೆಸಿದ ನಜೀರ್ ಯಾರು ಟೀ ಕುಡಿಯುತ್ತಿದ್ದಾರೋ ಅವರ ಪಕ್ಷ. ಆದರೆ ಚಿಕ್ಕಮುನಿಯಮ್ಮನಿಗೆ ಅಸಲಿ ಎದುರಾಳಿ ಮನೆಯಲ್ಲೇ ಇದ್ದ, ಹೆತ್ತ ಮಗ ಕೆಂಪರಾಜ್. ಡಿಪ್ಲೊಮಾ ಓದಿ, ನಾಲ್ಕು ಲೇತ್ ಮೆಷಿನ್ ಹಾಕಿಕೊಂಡು, ದೊಡ್ಡ ಕಂಪನಿಗಳಿಗೆ ಬೋಲ್ಟು ನಟ್ಟು ಮಾಡಿಕೊಡುವ ಸಣ್ಣ ವರ್ಕ್‌ಶಾಪು ಇಟ್ಟಿದ್ದ. ಒಂಬತ್ತು ಆಳು. ಹತ್ತನೆಯವನನ್ನು ಯಾವ ಕಾರಣಕ್ಕೂ ಸೇರಿಸಿಕೊಳ್ಳುತ್ತಿರಲಿಲ್ಲ.

“ಹತ್ತು ಜನ ಆದ್ರೆ ಫ್ಯಾಕ್ಟ್ರಿ ಕಾನೂನು ಬರುತ್ತಮ್ಮ. ಇನ್‌ಸ್ಪೆಕ್ಟ್ರು ಬರ್ತಾರೆ, ರಿಜಿಸ್ಟ್ರು ಬರುತ್ತೆ. ಹತ್ತನೇಯವ್ನಿಗೆ ಕೆಲಸ ಐತೆ, ಕೊಡೋಕೆ ನಾನೂ ರೆಡಿ. ಕಾನೂನೇ ಅಡ್ಡ ನಿಂತೈತೆ. ಸಡ್ಲ ಮಾಡಿದ್ರೆ ಊರಿಗೆಲ್ಲ ಕೆಲಸ,” ಎಂದು ಅವನು ಮುದ್ದೆ ಮುರಿಯುತ್ತ ಹೇಳುವನು.

“ಆ ಕಾನೂನಿಲ್ದೇ ಇದ್ದಿದ್ರೆ ನೀನು ಈ ಮುದ್ದೆ ಮುರೀತಿರ್ಲಿಲ್ಲ ಕಣ್ಲಾ. ಭಿಕ್ಷೆ ಎತ್ತಿರೋನು!”

“ಆವತ್ತಿಗೆ ಅದು ಸರಿ ಅಮ್ಮ.”

“ಹಸಿವಿಗೆ ಆವತ್ತು ಇವತ್ತು ಅಂತ ಐತೇನ್ಲಾ?” ಎಂದು ಆಕೆ ಅವನ ತಟ್ಟೆಗೆ ಇನ್ನೊಂದು ಮುದ್ದೆ ಹಾಕುವಳು. ಜಗಳ ಎಷ್ಟೇ ಜೋರಾಗಲಿ, ಮುದ್ದೆಯ ಗಾತ್ರ ಮಾತ್ರ ಕಮ್ಮಿಯಾಗುತ್ತಿರಲಿಲ್ಲ.

ಒಮ್ಮೆ ಇಂದಿರಾನಗರದ ಕಡೆಯ ಯಾವುದೋ ಕಾಲೇಜಿನ ಇಬ್ಬರು ಹುಡುಗಿಯರು ನಜೀರನ ಅಂಗಡಿಗೆ ಬಂದರು. ಕಾರ್ಮಿಕ ಕಾನೂನು ಸಡಿಲ ಮಾಡಿದರೆ ಉದ್ಯೋಗ ಹೆಚ್ಚುತ್ತದೋ ಇಲ್ಲವೋ, ಜನರ ಅಭಿಪ್ರಾಯ ಕೇಳಿಕೊಂಡು ಬನ್ನಿ ಎಂದು ಮೇಷ್ಟ್ರು ಅಟ್ಟಿದ್ದರಂತೆ. ಕೆಂಪರಾಜ್ ಹೆಚ್ಚುತ್ತದೆ ಎಂದ. ಚಿಕ್ಕಮುನಿಯಮ್ಮ ಹೆಚ್ಚುವುದಿಲ್ಲ ಎಂದಳು. ಅಷ್ಟಕ್ಕೇ ಬಿಡದೆ, ಯಾವಾಗ ಬೇಕಾದರೂ ಕಿತ್ತು ಬಿಸಾಡಬಹುದಾದವನಿಗೆ ಯಾವ ತಾಯಿ ಹೆಣ್ಣು ಕೊಡುತ್ತಾಳೆ, ಹೆಣ್ಣು ಕೊಡದಿದ್ದರೆ ಮನೆ ಎಲ್ಲಿ, ಮನೆಯಿಲ್ಲದಿದ್ದರೆ ಊರೆಲ್ಲಿ ಎಂದು ಒಂದು ಹರಿಕಥೆಯನ್ನೇ ಮಾಡಿದಳು. ನಜೀರ್, “ಅರೆ ಮೇಡಂ, ನಂದು ಎರಡೂ ಬರ್ಕೊಳ್ಳಿ. ಅಮ್ಮಾನೂ ಗಿರಾಕಿ, ಮಗಾನೂ ಗಿರಾಕಿ,” ಎಂದ. ಅಲ್ಲೇ ಬೆಂಚಿನ ತುದಿಯಲ್ಲಿ ಕೂತಿದ್ದ ಬಸಣ್ಣನನ್ನೂ ಕೇಳಿದರು. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಹೆಂಡತಿ ಸಾಬಮ್ಮನೊಡನೆ ಚಿಕ್ಕಮುನಿಯಮ್ಮನ ಹಿಂದಿನ ಕೋಣೆಯಲ್ಲಿ ಬಾಡಿಗೆಗೆ ಇದ್ದವನು.

“ಕಾರ್ಮಿಕ ಕಾನೂನಿನ ಬಗ್ಗೆ ನಿಮ್ಮ ಅಭಿಪ್ರಾಯ ಏನು?”

ಬಸಣ್ಣ ಲೋಟ ಕೆಳಗಿಟ್ಟ. “ಅದು ಯಾವ ಊರಾಗ ಐತ್ರಿ?” ಎಂದ.

ಅಂಗಡಿಯೆಲ್ಲ ನಕ್ಕಿತು. ಹುಡುಗಿಯರೂ ನಕ್ಕು, ಗೊತ್ತಿಲ್ಲ ಎಂಬಲ್ಲಿ ಗುರುತು ಹಾಕಿಕೊಂಡರು. ಚಿಕ್ಕಮುನಿಯಮ್ಮನಂತೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಆ ಸಾಬಮ್ಮನ ಅಕ್ಕನ ಮಗ ಶಿವಪುತ್ರ. ಚಿಕ್ಕಮ್ಮನ ಕೋಣೆಯಲ್ಲೇ ಇದ್ದುಕೊಂಡು ದೊಡ್ಡನೆಕ್ಕುಂದಿಯ ಒಂದು ಪ್ಲಾಸ್ಟಿಕ್ ಸಾಮಾನಿನ ಕಂಪನಿಗೆ ಹೋಗುತ್ತಿದ್ದ. ಜೇಬಿನ ಮೇಲೆ ಕಂಪನಿಯ ಹೆಸರಿದ್ದ ನೀಲಿ ಅಂಗಿ, ಇಸ್ತ್ರಿ ಮಾಡಿದ್ದು. ತಗ್ಗಿದ ತಲೆ, ಕೇಳಿದಷ್ಟಕ್ಕೆ ಉತ್ತರ. ಇಂಥವನನ್ನು ಕಂಡರೆ ಮದುವೆ ಮಾಡಿಸುವವರ ಕೈ ಸುಮ್ಮನಿರುತ್ತದೆಯೇ?

ಒಂದು ಭಾನುವಾರ ಸಾಬಮ್ಮನ ಮನೆಗೆ ಅವರ ಕಡೆಯ ಯಂಕಮ್ಮ ಬಂದಳು. ಹಲಸೂರಿನಲ್ಲಿ ಕೋಣೆ ಮಾಡಿಕೊಂಡು ಇಂದಿರಾನಗರದ ನಾಲ್ಕು ಮನೆಗಳಲ್ಲಿ ಪಾತ್ರೆ ಬಟ್ಟೆ ಮಾಡುವ ವಿಧವೆ. ಒಬ್ಬಳೇ ಮಗಳು ಲಕ್ಷ್ಮಿದೇವಿ, ಹತ್ತನೇ ತರಗತಿ ಪಾಸಾದವಳು. ಮಾತು ಶಿವಪುತ್ರನ ಕಡೆ ಹೊರಳಿದ್ದೇ ತಡ ಯಂಕಮ್ಮ ಎದ್ದು ಬಂದು ಮುಂಬಾಗಿಲಲ್ಲಿ ಕೂತಿದ್ದ ಚಿಕ್ಕಮುನಿಯಮ್ಮನ ಹತ್ತಿರ ಕುಕ್ಕರಗಾಲಲ್ಲಿ ಕೂತಳು.

“ಅಮ್ಮಾರ, ಸಾಬಮ್ಮ ತನ್ನ ಅಕ್ಕನ ಮಗನ್ನ ಹೊಗಳಾಕಿನ. ನೀವು ದಿನಾ ನೋಡೋರು, ನೀವ ಖರೇ ಹೇಳ್ರಿ. ಹುಡುಗ ಕೆಲಸದಾಗ ಖಾಯಂ ಅದಾನೇನ್ರಿ?”

ಆಹಾ! ಚಿಕ್ಕಮುನಿಯಮ್ಮನಿಗೆ ಜನ್ಮ ಸಾರ್ಥಕವಾದಂತಾಯಿತು. ಇಷ್ಟು ವರ್ಷ ತಾನು ಬಾಯಿ ಬಡಿದುಕೊಂಡದ್ದನ್ನು ಯಾರೂ ಹೇಳಿಕೊಡದೆ ಈ ಹೆಂಗಸು ಕೇಳುತ್ತಿದ್ದಾಳೆ, ಅದೂ ನೋಟಿಸ್ ಬೋರ್ಡಿನ ಅಚ್ಚ ಮಾತಿನಲ್ಲಿ. “ನೀನು ಕಣಮ್ಮಾ ತಾಯಿ ಅಂದ್ರೆ. ವಿಚಾರಿಸಿ ಹೇಳ್ತೀನಿ ಇರು,” ಎಂದಳು.

ಮಾರನೆಯ ದಿನ ಶಿವಪುತ್ರ ಕೆಲಸದಿಂದ ಬರುವುದನ್ನೇ ಕಾದು ಗೇಟಿನಲ್ಲಿ ಹಿಡಿದಳು. ಅವರ ಕಡೆಯ ಮಾತಿನಲ್ಲೇ ಕೇಳಿದರೆ ಹುಡುಗ ಸಂಕೋಚಪಡುವುದಿಲ್ಲ ಎಂದು ಅದೇ ಮಾತು ಬಳಸಿದಳು.

“ಏನಪ್ಪಾ, ಕಂಪ್ನೀಲಿ ಖಾಯಮ್ಮಾ ನೀನು?”

“ಹೌದ್ರೀ ಅಮ್ಮಾರ. ಖಾಯಂ ಅದೀನ್ರಿ,” ಎಂದ ಶಿವಪುತ್ರ, ಇದನ್ನೂ ಕೇಳಬೇಕೇ ಎಂಬಂತೆ.

ಮುಗಿಯಿತು. ಹಲಸೂರಿಗೆ ಸುದ್ದಿ ಹೋಯಿತು: “ಖಾಯಂ ಕಣಮ್ಮ. ನಾನು ಜವಾಬ್ದಾರಿ.” ಹುಡುಗಿ ನೋಡುವ ಶಾಸ್ತ್ರವಾಯಿತು. ಲಕ್ಷ್ಮಿದೇವಿ ತಲೆ ಎತ್ತಿ ನೋಡಿದಳು, ಶಿವಪುತ್ರ ತಲೆ ತಗ್ಗಿಸಿ ನೋಡಿದ, ಇಬ್ಬರಿಗೂ ಒಪ್ಪಿಗೆ. ಸಕ್ಕರೆ ಹಂಚಿ, ವೀಳ್ಯ ಬದಲಾಯಿಸಿ, ಹಲಸೂರಿನ ಒಂದು ಗುಡಿಯಲ್ಲಿ ಮದುವೆಗೆ ದಿನ ಗೊತ್ತು ಮಾಡಿದರು. ಈ ಕಾಲದಲ್ಲೂ ಒಂದು ಪರ್ಮನೆಂಟ್ ಗಂಡು ಹುಡುಕಿ ತೆಗೆದೆ ಎಂದು ಚಿಕ್ಕಮುನಿಯಮ್ಮ ನಜೀರನ ಅಂಗಡಿಯಲ್ಲಿ ಎಲ್ಲರಿಗೂ ತನ್ನ ಖರ್ಚಿನಲ್ಲಿ ಟೀ ಕೊಡಿಸಿದಳು. “ನೋಡ್ಲಾ, ನಿನ್ನ ಕಾಲ ಇನ್ನೂ ಬಂದಿಲ್ಲ,” ಎಂದು ಮಗನನ್ನು ಚುಚ್ಚಿದಳು.

ಮದುವೆಗೆ ಇನ್ನೇನು ಎರಡು ವಾರ ಇದೆ ಎನ್ನುವಾಗ, ಒಂದು ಮಧ್ಯಾಹ್ನ, ಹಿತ್ತಲಿನಲ್ಲಿ ಶಿವಪುತ್ರ ನೀಲಿ ಅಂಗಿ ಒಗೆಯುತ್ತಿದ್ದುದು ಆಕೆಯ ಕಣ್ಣಿಗೆ ಬಿತ್ತು. ಕೆಲಸದ ದಿನ.

“ಯಾಕಪ್ಪಾ, ಮೈಗೆ ಹುಷಾರಿಲ್ವಾ?”

“ಹುಷಾರ್ ಅದೀನ್ರಿ. ಬ್ರೇಕ್ ಕೊಟ್ಟಾರ್ರೀ ಅಮ್ಮಾರ. ತಿಂಗಳ ಬಿಟ್ಟು ಮತ್ತ ಹೊಸದಾಗಿ ತಗೋತಾರ.”

ಬ್ರೇಕ್ ಎಂದರೆ ಏನೆಂದು ಆ ಸೀಮೆಯಲ್ಲಿ ಯಾರಿಗೆ ಗೊತ್ತಿಲ್ಲ? ಒಬ್ಬನೇ ಆಳು ಒಂದೇ ಸಮನೆ ಬಹಳ ತಿಂಗಳು ದುಡಿದರೆ ನಾಳೆ ಖಾಯಂ ಮಾಡಿ ಎಂದು ಕೇಳುವ ಹಕ್ಕು ಬರುತ್ತದೆ. ಆ ಹಕ್ಕು ಬರುವ ಹೊತ್ತಿಗೆ ಸರಿಯಾಗಿ ಮನೆಗೆ ಕಳಿಸಿ, ಆಮೇಲೆ ಹೊಸಬನೆಂದು ಬರೆದು ಒಳಗೆ ಕರೆದುಕೊಳ್ಳುವ ಆಟ ಅದು. ಬ್ರೇಕ್ ಕೊಡುವುದು ಕಾಂಟ್ರಾಕ್ಟಿನವನಿಗೆ. ಖಾಯಂ ಆದವನಿಗೆ ಎಲ್ಲಿಯ ಬ್ರೇಕು?

“ಮತ್ತೆ ಖಾಯಂ ಅಂದ್ಯಲ್ಲೋ ನನ್ ಹತ್ರ!”

“ಖಾಯಂ ಅದೀನಲ್ರೀ ಅಮ್ಮಾರ...”

“ಮುಚ್ಚು ಬಾಯಿ! ಬ್ರೇಕ್ ತಗೊಂಡೋನು ಖಾಯಂ ಹೆಂಗಾಗ್ತಾನೆ? ನನ್ನ ಕೈಲಿ ಸುಳ್ಳು ಹೇಳ್ಸಿಬಿಟ್ಯಲ್ಲೋ ಪಾಪಿ!”

ಶಿವಪುತ್ರ ಸೋಪಿನ ಕೈಯಲ್ಲೇ ಎದ್ದು ನಿಂತ. ಏನೋ ಹೇಳಬೇಕೆಂದು ಬಾಯಿ ತೆರೆದ. ಹಿರಿಯರು, ಮನೆ ಯಜಮಾನಿ, ಮದುವೆ ಕೂಡಿಸಿದವರು. ಎದುರು ಮಾತಾಡಿ ಅಭ್ಯಾಸವಿಲ್ಲ. ಬಾಯಿ ಮುಚ್ಚಿದ. ಆಕೆಗೆ ಅದು ತಪ್ಪೊಪ್ಪಿಗೆಯ ಹಾಗೆಯೇ ಕಂಡಿತು.

ಆ ದಿನ ಚಿಕ್ಕಮುನಿಯಮ್ಮನಿಗೆ ಊಟ ಸೇರಲಿಲ್ಲ. ಹುಡುಗಿಯ ತಾಯಿ ಕೇಳಿದ್ದೇ ಅದೊಂದನ್ನು. ವರದಕ್ಷಿಣೆ ಎಷ್ಟು ಎಂದು ಕೇಳಲಿಲ್ಲ, ಹೊಲ ಎಷ್ಟು ಎಂದು ಕೇಳಲಿಲ್ಲ. ಮಗಳ ಬಾಳನ್ನೇ ಆ ಒಂದು ಉತ್ತರದ ಮೇಲೆ ಇಟ್ಟಳು, ಆ ಉತ್ತರ ಸುಳ್ಳು. ಹೇಳಿದರೆ ಮದುವೆ ಮುರಿಯುತ್ತದೆ. ಒಮ್ಮೆ ವೀಳ್ಯವಾಗಿ ಮುರಿದ ಹುಡುಗಿಗೆ ಇನ್ನೊಂದು ಗಂಡು ಸಿಗುವುದು ಸುಲಭವೇ? ಹೇಳದಿದ್ದರೆ, ಇನ್ನೊಬ್ಬ ವಿಧವೆಯ ಮಗಳನ್ನು ತಾನೇ ಕೈಯಾರೆ ಬಾವಿಗೆ ನೂಕಿದ ಹಾಗೆ.

ಮಾರನೆಯ ಬೆಳಿಗ್ಗೆ ಮೊದಲು ಮಗನ ವರ್ಕ್‌ಶಾಪಿಗೆ ಓಡಿದಳು. “ಕೆಂಪ, ಆ ಹುಡುಗನ್ನ ನೀನು ಪರ್ಮನೆಂಟಾಗಿ ಇಟ್ಕೊಂಬಿಡು. ಹತ್ತನೇಯವ್ನು ಆಗೋಗ್ಲಿ.”

ಕೆಂಪರಾಜ್ ಮೆಷಿನ್ ಆರಿಸಿ, ಕೈಗೆ ಅಂಟಿದ್ದ ಗ್ರೀಸು ಒರೆಸಿಕೊಂಡು ನಕ್ಕ. “ಅಮ್ಮಾ, ನಮ್ಮಲ್ಲಿ ಪರ್ಮನೆಂಟ್ ಅಂತ ಇರೋದು ನಾನೊಬ್ನೇ. ಅದೂ ಬ್ಯಾಂಕ್‌ನೋರು ಸುಮ್ನಿರೋವರ್ಗೆ. ಈ ತಿಂಗಳು ಆರ್ಡರ್ರೇ ಇಲ್ಲ, ಇರೋರಿಗೇ ಏನು ಕೊಡ್ಲಿ ಅಂತ ನೋಡ್ತಿದೀನಿ.” ಅಮ್ಮನ ಮುಖ ನೋಡಿ ದನಿ ಮೆತ್ತಗಾಯಿತು. “ಹೋಗ್ಲಿ ಬಿಡಮ್ಮ. ಹುಡುಗ ಚಿನ್ನದಂಥೋನು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನೀನು ಹೇಳಿರೋದು ಒಂದೇ ತಾನೆ?”

“ಆ ಒಂದೇ ಕಣ್ಲಾ ಮುಳ್ಳು,” ಎಂದಳು ಚಿಕ್ಕಮುನಿಯಮ್ಮ. ಮಗ ಬೈಕಿನಲ್ಲಿ ಬಿಡುತ್ತೇನೆ ಎಂದರೂ ಕೇಳದೆ, ಬಸ್ ಹತ್ತಿದಳು.

ದಾರಿಯುದ್ದಕ್ಕೂ ಏನು ಹೇಳಬೇಕು ಎಂದು ಜೋಡಿಸಿಕೊಂಡಳು. ಹಲಸೂರಿನಲ್ಲಿ ಇಳಿಯುವ ಹೊತ್ತಿಗೆ ಜೋಡಿಸಿದ್ದೆಲ್ಲ ಮರೆತುಹೋಗಿತ್ತು. ಕೆರೆಯ ಹಿಂದಿನ ಓಣಿಯಲ್ಲಿ ಯಂಕಮ್ಮನ ಕೋಣೆ. ಬೆಳಗಿನ ಮನೆಗಳ ಕೆಲಸ ಮುಗಿಸಿ ಬಂದ ಯಂಕಮ್ಮ ಜೋಳದ ಹಿಟ್ಟು ನಾದುತ್ತಿದ್ದಳು. ಲಕ್ಷ್ಮಿದೇವಿ ಬಾಗಿಲಲ್ಲಿ ಕೂತು ಮದುವೆಯ ಕುಪ್ಪಸಕ್ಕೆ ಹುಕ್ಸು ಹೊಲಿಯುತ್ತಿದ್ದಳು. ಆ ಕುಪ್ಪಸ ನೋಡಿದ್ದೇ, ಕೊಟ್ಟ ನೀರನ್ನೂ ಕುಡಿಯದೆ, ಚಿಕ್ಕಮುನಿಯಮ್ಮ ನಿಂತಲ್ಲೇ ಒದರಿಬಿಟ್ಟಳು.

“ಯಂಕಮ್ಮ, ನನ್ನ ಬೈದ್ರೂ ಸರಿ, ಹೊಡೆದ್ರೂ ಸರಿ. ಹುಡುಗ ಖಾಯಂ ಅಲ್ಲ ಕಣಮ್ಮ. ಕಾಂಟ್ರಾಕ್ಟು. ಬ್ರೇಕ್ ಕೊಟ್ಟು ಕಳಿಸವ್ರೆ. ನಾನು ಸರಿಯಾಗಿ ವಿಚಾರಿಸ್ದೆ ಮಾತು ಕೊಟ್ಟುಬಿಟ್ಟೆ. ಮದುವೆ ಬೇಡ ಅಂದ್ರೆ ಬೇಡ. ತಪ್ಪು ನಂದು, ಹುಡುಗೀದಲ್ಲ ಅಂತ ನಿಮ್ಮೂರಿಗೇ ಬಂದು ಹೇಳ್ತೀನಿ.”

ಯಂಕಮ್ಮನ ಹಿಟ್ಟಿನ ಕೈ ಪರಾತದಲ್ಲೇ ನಿಂತಿತು. ಬಾಗಿಲಲ್ಲಿ ಸೂಜಿಯೂ ನಿಂತಿತು.

“ಖಾಯಂ ಇಲ್ಲೇನ್ರೀ?” ಎಂದಳು ಯಂಕಮ್ಮ, ದನಿ ಕುಗ್ಗಿ. “ಕುಡೀತಾನೇನ್ರೀ?”

“ಅಯ್ಯೋ, ಇಲ್ಲಮ್ಮ. ಟೀನೂ ಮುಟ್ಟಲ್ಲ.”

“ಮತ್ತ ಮನ್ಯಾಗ ಮಲಕೊಂಡಾನೇನು?”

“ಎಲ್ಲಿ ಮಲಗ್ತಾನೆ. ನಿನ್ನೆ ಕಂಪ್ನಿ ಬ್ರೇಕ್ ಅಂದ, ಇವತ್ತು ಬೆಳಿಗ್ಗೇನೇ ಬಸಣ್ಣನ ಜೊತೆ ಗಾರೆ ಕೆಲಸಕ್ಕೆ ಹೋದ್ನಂತೆ. ಸಾಬಮ್ಮ ಹೇಳಿದ್ಳು.”

ಯಂಕಮ್ಮ ಎದೆಯ ಮೇಲಿನ ಕಲ್ಲು ಇಳಿದವಳಂತೆ ಉಸಿರು ಬಿಟ್ಟಳು. “ಎವ್ವಾ! ಜೀವ ಹಾರಸಿಬಿಟ್ರಲ್ರೀ ಅಮ್ಮಾರ. ಹಂಗಾರ ಖಾಯಂ ಅದಾನಲ್ರೀ!”

“ಏನು ಖಾಯಂ? ಬ್ರೇಕ್ ಕೊಟ್ಟವ್ರೆ ಅಂತಿದೀನಲ್ಲ!”

“ಖಾಯಂ ಅಂದ್ರ ಖಾಯಂರಿ. ದಿನಾ ಹೋಗೋದು, ತಪ್ಪಿಸದ. ನನ್ನ ಗಂಡ ಎರಡು ದಿನ ಕೆಲಸಕ್ಕ ಹೋದ್ರ ನಾಕು ದಿನ ಕುಡದು ಬೀಳಾಂವ. ಅಂಥಾಂವ ನನ್ನ ಮಗಳಿಗೆ ಬ್ಯಾಡ ಅಂತ ಕೇಳಿದ್ನಿ. ಈ ಕೆಲಸ ಹೋದ್ರ ಮರುದಿನಾನ ಇನ್ನೊಂದು ಹಿಡಿದಾನ ಅಂದ್ರ, ಅವನಕಿಂತ ಖಾಯಂ ಯಾರು ಸಿಗ್ತಾರ್ರಿ?”

ಹಿತ್ತಲಿನಲ್ಲಿ ಸೋಪಿನ ಕೈಯಲ್ಲಿ ನಿಂತ ಹುಡುಗ ಏನು ಹೇಳಹೊರಟಿದ್ದ ಎಂಬುದು ಚಿಕ್ಕಮುನಿಯಮ್ಮನಿಗೆ ಈಗ ಹೊಳೆಯಿತು. ಪಾಪ, ಅವನು ಒಂದಕ್ಷರ ಸುಳ್ಳು ಹೇಳಿರಲಿಲ್ಲ. ಆಕೆಗೆ ಮೊದಲು ನಾಚಿಕೆಯಾಯಿತು, ಆಮೇಲೆ ನಗು ಬಂತು, ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲದ ನಗು. ಗೋಡೆಗೊರಗಿ ಕೂತು ನಕ್ಕಳು. ಯಂಕಮ್ಮ ಏಕೆಂದು ತಿಳಿಯದಿದ್ದರೂ ಜೊತೆಗೆ ನಕ್ಕಳು. ಲಕ್ಷ್ಮಿದೇವಿ ಸೂಜಿಗೆ ಮತ್ತೆ ದಾರ ಪೋಣಿಸಿದಳು.

ನಗು ಇಳಿದ ಮೇಲೆ ಚಿಕ್ಕಮುನಿಯಮ್ಮ ಕೇಳಿದಳು: “ಹಂಗಾದ್ರೆ, ಹುಡುಗ ಪರ್ಮನೆಂಟಾ ಅಂತ ನೀನು ಕೇಳೇ ಇಲ್ವಾ?”

“ಅದೇನ್ರೀ ಅದು?”

ಏನೆಂದು ಹೇಳುವುದು! ಚಿಕ್ಕಮುನಿಯಮ್ಮ ಚಕ್ಕಳ ಬಕ್ಕಳ ಹಾಕಿ ಕೂತು, ಮಕ್ಕಳಿಗೆ ಕಥೆ ಹೇಳುವ ಹಾಗೆ ಶುರುಮಾಡಿದಳು. ಕಾರಣವಿಲ್ಲದೆ ಯಾರೂ ಬಿಡಿಸುವಂತಿಲ್ಲ. ರಜೆ ಹಾಕಿದ ದಿನವೂ ಸಂಬಳ. ಕಾಯಿಲೆ ಬಿದ್ದರೆ ಆಸ್ಪತ್ರೆ. ಮನೆ ಕಟ್ಟಲು ಸಾಲ. ಬಸುರಿಯಾದರೆ ರಜೆ, ಆ ರಜೆಗೂ ಸಂಬಳ.

“ಹಡಿಯಾಕೂ ಪಗಾರ ಕೊಡ್ತಾರ?” ಯಂಕಮ್ಮ ಹಿಟ್ಟಿನ ಕೈಯನ್ನು ಗಲ್ಲಕ್ಕಿಟ್ಟುಕೊಂಡಳು. “ಇಕಿ ಹುಟ್ಟಿ ವಾರ ಆಗಿತ್ತು, ನಾ ಕಲ್ಲು ಹೊರಾಕ ಹೋಗಿದ್ನಿ. ಇಂಥಾ ನೌಕರಿ ಯಾರಿಗೆ ಇತ್ತ್ರೀ?”

“ನನಗೇ ಇತ್ತು.”

“ನಿಮಗ? ಹೆಣ್ಣುಮಕ್ಕಳಿಗೂ ಕೊಡ್ತಾರೇನ್ರೀ ಅದನ್ನ?”

“ಕೊಡ್ದೆ ಏನು? ಗಂಡ ಹೋದ್ಮೇಲೆ ಅದ್ರಲ್ಲೇ ಅಲ್ವಾ ಮಗನ್ನ ಸಾಕಿ, ಓದ್ಸಿ, ಮನೆ ಕಟ್ಟಿದ್ದು!”

ಯಂಕಮ್ಮ ಹಿಟ್ಟು ನಾದುವುದನ್ನು ಪೂರ್ತಿ ಬಿಟ್ಟಳು. ಆಕೆಯ ಮುಖದಲ್ಲಿ ಗೇಲಿ ಇರಲಿಲ್ಲ, ಜಗಳ ಇರಲಿಲ್ಲ. ನಿಜವಾಗಿಯೂ ಅರ್ಥವಾಗದೆ ಕೇಳಿದಳು.

“ಅಲ್ರೀ ಅಮ್ಮಾರ, ಮತ್ತ ಇಷ್ಟು ವರ್ಷ ಅದನ್ನ ಗಂಡಿನ ಕಡೆ ಯಾಕ ಹುಡುಕಿದ್ರಿ? ಅಂಥಾ ನೌಕರಿ ಇದ್ರ ನನ್ನ ಮಗಳಿಗೇ ಕೊಡಸ್ರಿ. ಗಂಡ ದಿನಾ ಕೆಲಸಕ್ಕ ಹೋದ್ರ ಸಾಕು.”

ಬಾಣಸವಾಡಿಯಿಂದ ವರ್ತೂರಿನವರೆಗೆ ಚಿಕ್ಕಮುನಿಯಮ್ಮ ಎಷ್ಟು ಹೆಣ್ಣುಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ತಲೆಗೆ ಹೂ ಮುಡಿಸಿ, ಗಂಡು ಪರ್ಮನೆಂಟು, ಇನ್ನು ನಿಶ್ಚಿಂತೆಯಾಗಿರು ಎಂದು ಹರಸಿ ಕಳಿಸಿದ್ದಳು. ಅವರಲ್ಲಿ ಒಬ್ಬಳನ್ನಾದರೂ, ನೀನು ಕೆಲಸಕ್ಕೆ ಸೇರ್ತೀಯಾ ಎಂದು ಕೇಳಿರಲಿಲ್ಲ. ಕಾರ್ಖಾನೆಯಲ್ಲಿ ಆಳು ತೆಗೆದುಕೊಳ್ಳುತ್ತಿದ್ದ ಕಾಲದಲ್ಲೂ ಕೇಳಿರಲಿಲ್ಲ. ತನ್ನನ್ನು ಸಾಕಿದ್ದು ಗಂಡನ ಕೆಲಸವಲ್ಲ, ತನ್ನದೇ ಕೆಲಸ. ಅದು ಗೊತ್ತಿದ್ದೂ ಕೇಳಿರಲಿಲ್ಲ.

“ಎಲ್ಲಿ ಅರ್ಜಿ ಹಾಕ್ಬೇಕ್ರೀ ಅಮ್ಮಾರ?”

ಕೇಳಿದವಳು ಲಕ್ಷ್ಮಿದೇವಿ. ಕುಪ್ಪಸ ಮಡಿಲಿಗೆ ಜಾರಿತ್ತು. ಹುಡುಗ ನೋಡಲು ಬಂದ ದಿನವೂ ಆ ಕಣ್ಣು ಇಷ್ಟು ಅಗಲವಾಗಿರಲಿಲ್ಲ.

ತನ್ನ ಕಾರ್ಖಾನೆ ಹೊಸಬರನ್ನು ಸೇರಿಸಿಕೊಂಡು ಎಷ್ಟೋ ವರ್ಷವಾಗಿತ್ತು. ಬೇರೆ ಎಲ್ಲಿ?

“ಗೊತ್ತಿಲ್ಲ ಕಣೇ,” ಎಂದಳು ಊರಿನ ಪ್ರಶ್ನೆಗೆಲ್ಲ ಉತ್ತರ ಕೊಡುತ್ತಿದ್ದ ಚಿಕ್ಕಮುನಿಯಮ್ಮ. ಹೇಳಿ, ಅಷ್ಟಕ್ಕೇ ಬಿಡಲು ಮನಸ್ಸಾಗದೆ, ಹುಡುಗಿಯ ಕೈ ಹಿಡಿದುಕೊಂಡಳು. “ಮದುವೆ ಒಂದು ಆಗೋಗ್ಲಿ ಇರು. ಆಮೇಲೆ ಸೋಮವಾರದಿಂದ ನೀನೂ ನಾನೂ ಒಂದೊಂದೇ ಫ್ಯಾಕ್ಟ್ರಿ ಗೇಟಿಗೆ ಹೋಗಿ ಕೇಳ್ಕೊಂಡು ಬರೋಣ.”